ಬಿಡುಗಡೆಗೆ ಮುನ್ನ ತೋರಿಸುವ ಗೇಮ್ ವಿಡಿಯೋ ನಿಜವಾಗಿಯೂ ಆ ಕನ್ಸೋಲ್‌ನದ್ದೇ?

ಹೊಸ ಗೇಮಿಂಗ್ ಕನ್ಸೋಲ್ ಬರುತ್ತಿದೆ ಎಂದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ವಿಡಿಯೋಗಳು ಹರಿದಾಡುತ್ತವೆ. ‘ಸಿನಿಮಾನೇ ಮೀರಿಸುತ್ತೆ, ಈಗಲೇ ಬುಕ್ ಮಾಡಿ’ ಎಂಬ ಸಾಲೂ ಜೊತೆಗಿರುತ್ತದೆ. ಮಕ್ಕಳ ಹಟಕ್ಕೆ ಸೋತು ಮುಂಗಡ ಹಣ ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ದೃಶ್ಯ ಮೂಡಿಬಂದದ್ದು ಯಾವ ಯಂತ್ರದಲ್ಲಿ?

2005ರ ಮೇ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ನಡೆದ ಇ3 ಮೇಳವನ್ನೇ ನೋಡಿ. ಪ್ಲೇಸ್ಟೇಷನ್ 3 ಪರಿಚಯಿಸುವಾಗ ಸೋನಿ ‘ಕಿಲ್‌ಜೋನ್’ ಗೇಮಿನ ವಿಡಿಯೋ ತೋರಿಸಿತು. ನೋಡಿದವರು ಬೆರಗಾದರು. ಆದರೆ ಅದು ಯಾರೋ ಆಡುತ್ತಿದ್ದ ಆಟವಲ್ಲ, ಮೊದಲೇ ತಯಾರಿಸಿಟ್ಟ ಆನಿಮೇಷನ್. ಆ ಗೇಮ್ ಜನರ ಕೈಗೆ ಸಿಕ್ಕಿದ್ದು 2009ರಲ್ಲಿ. ಮೇಳದಲ್ಲಿಟ್ಟಿದ್ದ ಮಾದರಿ ಕನ್ಸೋಲ್‌ಗೆ ಎರಡು ಎಚ್‌ಡಿಎಂಐ ಪೋರ್ಟ್ ಇದ್ದವು. 2006ರ ನವೆಂಬರ್‌ನಲ್ಲಿ ಅಂಗಡಿಗೆ ಬಂದದ್ದರಲ್ಲಿ ಇದ್ದದ್ದು ಒಂದೇ.

ಹಾಗಾದರೆ ಡೆಮೊ ಯಾವಾಗಲೂ ಅಸಲಿಗಿಂತ ಚೆಂದವೇ? ಇಲ್ಲ, ಉಲ್ಟಾ ಕೂಡ ಆಗುತ್ತದೆ. ಅದೇ ಮೇಳದಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಗೇಮ್‌ಗಳು ಓಡುತ್ತಿದ್ದದ್ದು ಆಪಲ್ ಕಂಪನಿಯ ಪವರ್ ಮ್ಯಾಕ್ ಜಿ5 ಕಂಪ್ಯೂಟರುಗಳಲ್ಲಿ! ಎರಡರ ಪ್ರೊಸೆಸರ್‌ಗಳೂ ಪವರ್‌ಪಿಸಿ ಕುಟುಂಬದವು, ಹಾಗಾಗಿ ತಾತ್ಕಾಲಿಕವಾಗಿ ಅವನ್ನು ಬಳಸಲಾಗಿತ್ತು. ಆದರೆ ಅಸಲಿ ಕನ್ಸೋಲ್‌ನ ಪೂರ್ತಿ ಸಾಮರ್ಥ್ಯ ಅವುಗಳಿಗಿರಲಿಲ್ಲ.

ಏಕೆ ಹೀಗೆ? ಕನ್ಸೋಲ್‌ನ ಚಿಪ್ ಅಂತಿಮ ರೂಪಕ್ಕೆ ಬರುವುದು ತಡವಾಗಿ. ಗೇಮ್ ತಯಾರಕರಾದರೋ ಬಹಳ ಮೊದಲೇ ಕೆಲಸ ಶುರುಮಾಡಬೇಕು. ಅದಕ್ಕಾಗಿ ಅವರಿಗೆ ‘ಡೆವ್ ಕಿಟ್’ ಎಂಬ ವಿಶೇಷ ಯಂತ್ರ ಕೊಡುತ್ತಾರೆ. ಆರಂಭದಲ್ಲಿ ಅದು ಅಂದಾಜಿನ ಮೇಲೆ ಜೋಡಿಸಿದ ಕಂಪ್ಯೂಟರ್ ಆಗಿರಬಹುದು. ಮಾರಾಟದ ಯಂತ್ರವಾದರೆ ಪುಟ್ಟ ಡಬ್ಬಿಯೊಳಗೆ ಕೂರಬೇಕು, ಅತಿಯಾಗಿ ಬಿಸಿಯಾಗಬಾರದು, ಬೆಲೆಯೂ ಕೈಗೆಟುಕಬೇಕು. ಈ ಲೆಕ್ಕಾಚಾರದಲ್ಲಿ ಕೆಲವು ಸೌಲಭ್ಯಗಳಿಗೆ ಕತ್ತರಿ ಬೀಳುತ್ತದೆ.

ವಿಡಿಯೋ ಬಂದಾಗ ಪರದೆಯ ಮೂಲೆಯ ಸಣ್ಣ ಅಕ್ಷರಗಳನ್ನು ಓದಿ. ‘ಇನ್-ಎಂಜಿನ್’ ಎಂದಿದ್ದರೆ ಗೇಮಿನ ತಂತ್ರಾಂಶದಿಂದಲೇ ಮೂಡಿದ ದೃಶ್ಯ ಎಂದರ್ಥ. ಓಡಿದ್ದು ಕನ್ಸೋಲ್‌ನಲ್ಲೇ ಎಂಬ ಖಾತರಿ ಅದರಲ್ಲಿಲ್ಲ. ಇಂಥ ಕನ್ಸೋಲ್‌ನಲ್ಲೇ ಸೆರೆಹಿಡಿದದ್ದು ಎಂದು ಸ್ಪಷ್ಟವಾಗಿ ಬರೆದಿದ್ದರೆ ಹೆಚ್ಚು ನಂಬಬಹುದು. ಎಲ್ಲಕ್ಕಿಂತ ಒಳ್ಳೆಯ ಪುರಾವೆ, ಬಿಡುಗಡೆಯಾದ ಮೇಲೆ ಕೊಂಡವರು ಮನೆಯಲ್ಲಿ ಆಡಿ ಹಾಕಿದ ವಿಡಿಯೋ. ನಾಲ್ಕು ದಿನ ಕಾದರೆ ನಷ್ಟವೇನಿಲ್ಲ. ಅಷ್ಟರೊಳಗೆ ಫಾರ್ವರ್ಡ್ ಮಾಡಲೇಬೇಕೆಂದರೆ ‘ಇದು ಡೆಮೊ ಮಾತ್ರ’ ಎಂಬ ಒಂದು ಸಾಲು ಸೇರಿಸಿ ಕಳಿಸಿ.