ಕೈಕುಲುಕುವ ದೂರ ಬೆಳೆದ ಬಗೆ

2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶ್ರೀಲಂಕಾ ವಿರುದ್ಧ ಹಗಲು–ರಾತ್ರಿ ಟೆಸ್ಟ್ ನಡೆಯುತ್ತಿದ್ದಾಗ ಕೆಲವು ಹುಡುಗರು ಬೇಲಿ ಹಾರಿ ವಿರಾಟ್ ಕೊಹ್ಲಿಯವರತ್ತ ಓಡಿದರು. ಒಬ್ಬ ಸೆಲ್ಫಿ ಕೇಳಿದ, ಕೊಹ್ಲಿ ನಿಂತುಕೊಟ್ಟರು, ಪೊಲೀಸರು ಹುಡುಗರನ್ನು ಹಿಡಿದುಕೊಂಡು ಹೋದರು. ಎರಡು ವರ್ಷ ಕಳೆದು 2024ರ ಮಾರ್ಚ್‌ನಲ್ಲಿ ಅದೇ ಮೈದಾನದ ಐಪಿಎಲ್ ಪಂದ್ಯದಲ್ಲಿ ಇನ್ನೊಬ್ಬ ಓಡಿಬಂದು ಅವರ ಕಾಲಿಗೆ ಬಿದ್ದ. 2025ರ ಜನವರಿಯಲ್ಲಿ ಕೊಹ್ಲಿ ಹನ್ನೆರಡು ವರ್ಷಗಳ ಮೇಲೆ ರಣಜಿ ಆಡಲು ದೆಹಲಿಯ ಅರುಣ್ ಜೇಟ್ಲಿ ಕ್ರೀಡಾಂಗಣಕ್ಕೆ ಇಳಿದಾಗಲೂ ಇದೇ ಆಯಿತು. ಇಂಥ ಸುದ್ದಿ ಬಂದಾಗಲೆಲ್ಲ ನಾವು ಕೊಡುವ ಉತ್ತರ ಒಂದೇ: ಅಭಿಮಾನಿಗಳ ಹುಚ್ಚು ಮಿತಿ ಮೀರಿದೆ. ಈ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಮೆಚ್ಚಿನ ಆಟಗಾರನನ್ನು ಒಮ್ಮೆ ಹತ್ತಿರದಿಂದ ನೋಡಬೇಕು, ಸಾಧ್ಯವಾದರೆ ಕೈಕುಲುಕಬೇಕು ಎಂಬ ಆಸೆ ಹೊಸದಲ್ಲ. ಅದನ್ನು ಈಡೇರಿಸಿಕೊಳ್ಳಲು ಇದ್ದ ಸಣ್ಣಪುಟ್ಟ, ಸಾಧಾರಣ ದಾರಿಗಳು ಕಳೆದ ಮೂವತ್ತು ವರ್ಷಗಳಲ್ಲಿ ಒಂದೊಂದಾಗಿ ಮುಚ್ಚಿಹೋದವು, ಆ ಜಾಗದಲ್ಲಿ ಬೇರೆ ದಾರಿ ಮಾಡಿಕೊಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬೇಲಿ ಹಾರುವ ಹುಡುಗನನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ಬೇಲಿ ಎದ್ದ ಕಥೆಯನ್ನು ತಿಳಿಯಬೇಕು.

ಭಾರತದ ನೆಲದಲ್ಲಿ ಮೊದಲ ಟೆಸ್ಟ್ ನಡೆದದ್ದು 1933ರ ಡಿಸೆಂಬರ್‌ನಲ್ಲಿ, ಬಾಂಬೆ ಜಿಮ್ಖಾನಾದಲ್ಲಿ. ಡಗ್ಲಾಸ್ ಜಾರ್ಡಿನ್ ನಾಯಕತ್ವದ ಇಂಗ್ಲೆಂಡ್ ಎದುರು ಲಾಲಾ ಅಮರನಾಥ್ 118 ರನ್ ಹೊಡೆದರು. ಅದು ಭಾರತೀಯನೊಬ್ಬನ ಮೊದಲ ಟೆಸ್ಟ್ ಶತಕ. ಶತಕ ಮುಗಿದದ್ದೇ ಜನ ಒಳಗೆ ನುಗ್ಗಿ ಅವರಿಗೆ ಹಾರ ಹಾಕಿದರು, ಆಟ ನಿಂತಿತು, ಆಮೇಲೆ ಮುಂದುವರಿಯಿತು. 1960ರ ಜನವರಿಯಲ್ಲಿ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ಅರ್ಧಶತಕ ಹೊಡೆದ ಅಬ್ಬಾಸ್ ಅಲಿ ಬೇಗ್ ಅವರ ಕೆನ್ನೆಗೆ ಯುವತಿಯೊಬ್ಬಳು ಓಡಿಬಂದು ಮುತ್ತಿಟ್ಟಳು. ಅದು ದೇಶವೇ ಮಾತಾಡಿಕೊಂಡ ಸಂಗತಿಯಾಯಿತು. 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್‌ಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು ಉರುಳಿಸಿದ ಮೇಲೆ, ಅಬಿದ್ ಅಲಿ ಗೆಲುವಿನ ಹೊಡೆತ ಹೊಡೆಯುತ್ತಿದ್ದಂತೆ ಅಲ್ಲಿನ ಭಾರತೀಯರು ಮೈದಾನ ತುಂಬಿಬಿಟ್ಟರು. 1983ರ ವಿಶ್ವಕಪ್ ಗೆದ್ದ ದಿನ ಲಾರ್ಡ್ಸ್‌ನ ಬಾಲ್ಕನಿಯಲ್ಲಿ ಕಪಿಲ್ ದೇವ್ ಕಪ್ ಎತ್ತಿ ಹಿಡಿದಾಗ, ಕೆಳಗಿನ ಹುಲ್ಲಿನ ಮೇಲೆ ಸಾವಿರಾರು ಜನ ತಲೆಯೆತ್ತಿ ನಿಂತಿದ್ದರು. ಈಗಿನ ಲೆಕ್ಕದಲ್ಲಿ ಅವರೆಲ್ಲ ಅತಿಕ್ರಮ ಪ್ರವೇಶದ ತಪ್ಪಿತಸ್ಥರು. ಅವರನ್ನು ಆಗ ಯಾರೂ ಹುಚ್ಚರೆಂದು ಕರೆಯಲಿಲ್ಲ.

ಮೈದಾನಕ್ಕೆ ನುಗ್ಗುವುದೊಂದೇ ಆಗ ದಾರಿಯೂ ಆಗಿರಲಿಲ್ಲ. ಆಟದಿಂದ ಹೊಟ್ಟೆ ತುಂಬುತ್ತಿರಲಿಲ್ಲವಾದ್ದರಿಂದ ಆಟಗಾರರು ಬ್ಯಾಂಕು, ರೈಲ್ವೆ, ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದರು. ಗುಂಡಪ್ಪ ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರರು, ಪ್ರಸನ್ನ ಮೈಸೂರಿನಲ್ಲಿ ಓದಿದ ಎಂಜಿನಿಯರ್. 1983ರಲ್ಲಿ ವಿಶ್ವಕಪ್ ಗೆದ್ದು ಬಂದವರಿಗೆ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಬಳಿ ದುಡ್ಡಿಲ್ಲದೆ, ಲತಾ ಮಂಗೇಶ್ಕರ್ ದೆಹಲಿಯಲ್ಲಿ ಹಾಡಿ ಹಣ ಕೂಡಿಸಬೇಕಾಯಿತು ಎಂಬುದನ್ನು ನೆನೆದರೆ ಆ ಕಾಲದ ಆಟಗಾರ ಎಷ್ಟು ಸಾಮಾನ್ಯನಾಗಿ ಬದುಕುತ್ತಿದ್ದ ಎಂಬುದು ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ ಮೊದಲ ಟೆಸ್ಟ್ ಕಂಡದ್ದು 1974ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಸೆಂಟ್ರಲ್ ಕಾಲೇಜು ಮೈದಾನದಲ್ಲಿ ರಣಜಿ ಪಂದ್ಯಗಳು ನಡೆಯುತ್ತಿದ್ದವು. ಲೀಗ್ ಪಂದ್ಯಗಳಿಗಂತೂ ಕಾಂಪೌಂಡಿನ ಪಕ್ಕದ ಮರದ ನೆರಳೇ ಗ್ಯಾಲರಿ. ಟೆಸ್ಟ್ ಆಡಿದವರು ವಾರದ ಕೊನೆಗೆ ತಮ್ಮ ಕ್ಲಬ್ಬಿಗೆ ಆಡಲು ಬರುತ್ತಿದ್ದರು. ಮಾತಾಡಿಸಬೇಕೆನ್ನುವವರು ಪುಸ್ತಕ ಹಿಡಿದು ಪೆವಿಲಿಯನ್ ಮೆಟ್ಟಿಲ ಬಳಿ ಕಾಯಬಹುದಿತ್ತು, ಪತ್ರ ಬರೆಯಬಹುದಿತ್ತು. ಎಲ್ಲರೂ ಹಾಗೆ ಮಾಡುತ್ತಿರಲಿಲ್ಲ. ಬೇಕಾದರೆ ಮಾಡಬಹುದು ಎಂಬ ಭರವಸೆ ಇದ್ದರೆ ಆತುರ ತಾನಾಗಿ ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ಗಮನಿಸಬೇಕು.

ಬೇಲಿ ಏಕೆ ಬಂತು? ಕಾರಣಗಳು ಸುಳ್ಳಲ್ಲ. 1982ರ ನವೆಂಬರ್‌ನಲ್ಲಿ ಪರ್ತ್‌ನಲ್ಲಿ ಒಳನುಗ್ಗಿದವನನ್ನು ಹಿಡಿಯಲು ಹೋದ ಆಸ್ಟ್ರೇಲಿಯಾದ ಬೌಲರ್ ಟೆರಿ ಆಲ್ಡರ್‌ಮನ್ ಭುಜ ಕಳಚಿಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಆಟದಿಂದ ದೂರ ಉಳಿದರು. 1993ರಲ್ಲಿ ಹ್ಯಾಂಬರ್ಗ್‌ನಲ್ಲಿ ಟೆನಿಸ್ ತಾರೆ ಮೋನಿಕಾ ಸೆಲೆಸ್ ಅವರಿಗೆ ಚೂರಿ ಹಾಕಿದವನು ಪ್ರತಿಸ್ಪರ್ಧಿ ಸ್ಟೆಫಿ ಗ್ರಾಫ್ ಅವರ ಅಭಿಮಾನಿ. ಪ್ರೀತಿಯ ಹೆಸರಿನಲ್ಲಿ ಏನಾಗಬಹುದು ಎಂಬುದಕ್ಕೆ ಅದಕ್ಕಿಂತ ಕ್ರೂರವಾದ ಉದಾಹರಣೆ ಬೇಕಿಲ್ಲ. 2001ರ ಜೂನ್‌ನಲ್ಲಿ ಇಂಗ್ಲೆಂಡಿನ ಹೆಡಿಂಗ್ಲೆಯಲ್ಲಿ ಪಾಕಿಸ್ತಾನ ಗೆಲ್ಲುವ ಹೊತ್ತಿಗೆ ಜನ ನುಗ್ಗಿ ಮೈದಾನ ಕಾಯುವವನೊಬ್ಬ ತೀವ್ರವಾಗಿ ಗಾಯಗೊಂಡ, ಇಂಗ್ಲೆಂಡ್ ಪಂದ್ಯವನ್ನೇ ಬಿಟ್ಟುಕೊಟ್ಟಿತು. 2009ರ ಮಾರ್ಚ್‌ನಲ್ಲಿ ಲಾಹೋರಿನಲ್ಲಿ ಶ್ರೀಲಂಕಾ ತಂಡದ ಬಸ್ಸಿನ ಮೇಲೆ ಗುಂಡಿನ ದಾಳಿಯಾಯಿತು. 2010ರ ಏಪ್ರಿಲ್‌ನಲ್ಲಿ ನಮ್ಮ ಚಿನ್ನಸ್ವಾಮಿಯ ಹೊರಗೋಡೆಯ ಬಳಿಯೇ ಐಪಿಎಲ್ ಪಂದ್ಯಕ್ಕೆ ಮುನ್ನ ಬಾಂಬ್ ಸಿಡಿಯಿತು. ಇಷ್ಟಾದ ಮೇಲೂ ಬಾಗಿಲು ತೆರೆದಿಡಿ ಎಂದರೆ ಅದು ಬೇಜವಾಬ್ದಾರಿ.

ಇನ್ನೊಂದು ಕಾರಣ ಹೊರಗಿನದಲ್ಲ, ಆಟದ ಒಳಗಿನದು. 2000ನೇ ಇಸವಿಯ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆಯ ಮೋಸದಾಟ ಬಯಲಾದಾಗ, ಬುಕ್ಕಿಗಳು ಆಟಗಾರರನ್ನು ತಲುಪಿದ ಬಗೆ ಎಲ್ಲರಿಗೂ ಗೊತ್ತಾಯಿತು. ಹೋಟೆಲಿನ ಪಡಸಾಲೆಯಲ್ಲಿ ಅಭಿಮಾನಿ, ಹಿತೈಷಿ, ವ್ಯಾಪಾರಿ ಎಂದು ಪರಿಚಯ ಮಾಡಿಕೊಳ್ಳುವುದು ಅವರ ರೂಢಿಯಾಗಿತ್ತು. ಅದೇ ವರ್ಷ ಐಸಿಸಿ ಭ್ರಷ್ಟಾಚಾರ ತಡೆ ಘಟಕ ಕಟ್ಟಿತು. ಮುಂದೆ ಆಟಗಾರರ ವಲಯ ಎಂಬ ಪ್ರದೇಶವನ್ನೇ ಗುರುತಿಸಿ, ಗುರುತಿನ ಚೀಟಿ ಇಲ್ಲದವರು ಒಳಗೆ ಕಾಲಿಡುವಂತಿಲ್ಲ, ಆಟಗಾರರ ಬಳಿ ಮೊಬೈಲ್ ಇರುವಂತಿಲ್ಲ ಎಂಬ ನಿಯಮಗಳು ಬಂದವು. ಅವು ಅಗತ್ಯವಾಗಿದ್ದವು, ಇಂದಿಗೂ ಅಗತ್ಯ. ಆದರೆ ಅದರ ಭಾರ ಹೊತ್ತವರು ಯಾರೆಂದು ನೋಡಬೇಕು. ನೋಟ್‌ಬುಕ್ ಹಿಡಿದ ಶಾಲೆಯ ಹುಡುಗಿಯೂ ಬುಕ್ಕಿಯೂ ಕಾವಲಿನವನ ಕಣ್ಣಿಗೆ ಒಂದೇ ಆದರು: ಇಬ್ಬರೂ ಗುರುತಿನ ಚೀಟಿ ಇಲ್ಲದವರು. ಕೊರೊನಾ ಕಾಲದಲ್ಲಿ ಇದು ತುದಿ ಮುಟ್ಟಿತು. 2021ರ ಹೊಸ ವರ್ಷದ ದಿನ ಮೆಲ್ಬರ್ನ್ ಹೋಟೆಲೊಂದರಲ್ಲಿ ರೋಹಿತ್ ಶರ್ಮ ಮತ್ತಿತರ ನಾಲ್ವರು ಊಟ ಮಾಡುತ್ತಿದ್ದಾಗ ಪಕ್ಕದ ಮೇಜಿನ ಅಭಿಮಾನಿ ಸದ್ದಿಲ್ಲದೆ ಅವರ ಬಿಲ್ ಕಟ್ಟಿದ, ಆ ಸಂತೋಷವನ್ನು ಜಾಲತಾಣದಲ್ಲಿ ಹಂಚಿಕೊಂಡ. ಆಟಗಾರರಲ್ಲೊಬ್ಬರಾದ ಪಂತ್ ತನ್ನನ್ನು ಅಪ್ಪಿಕೊಂಡರು ಎಂದೂ ಬರೆದು ಆಮೇಲೆ ಹಿಂತೆಗೆದುಕೊಂಡ. ಅಷ್ಟಕ್ಕೆ ಐವರು ಆಟಗಾರರನ್ನು ತಂಡದಿಂದ ಬೇರೆಯಾಗಿ ಇಡಬೇಕಾಯಿತು.

ಇಲ್ಲಿಯವರೆಗಿನದು ರಕ್ಷಣೆಯ ಬೇಲಿ. ಅದರ ಜೊತೆಗೇ ಇನ್ನೊಂದು ಬೇಲಿ ಬೆಳೆಯಿತು, ಅದು ಹಣದ್ದು. ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮಾರ್ಕ್ ಮಸ್ಕರೇನ್ಹಸ್ 1995ರಲ್ಲಿ ತಮ್ಮ ವರ್ಲ್ಡ್‌ಟೆಲ್ ಕಂಪನಿಗೆ ಸಚಿನ್ ತೆಂಡೂಲ್ಕರ್ ಅವರೊಡನೆ ಕೋಟಿಗಟ್ಟಲೆ ರೂಪಾಯಿಯ ಒಪ್ಪಂದ ಮಾಡಿಕೊಂಡರು. ಆಟಗಾರನ ಹೆಸರು, ಮುಖ, ಸಮಯ ಎಲ್ಲಕ್ಕೂ ಬೆಲೆ ಬಂತು, ಮತ್ತು ಅದು ಆಟಗಾರನಿಗೆ ನ್ಯಾಯವಾಗಿ ಸಲ್ಲಬೇಕಾದದ್ದೇ. 1999ರ ವಿಶ್ವಕಪ್‌ಗೆ ಬಿಸ್ಕತ್ತಿನ ಪೊಟ್ಟಣದ ಮೇಲಿನ ರನ್ನುಗಳನ್ನು ಕೂಡಿಸಿ ಇಂಗ್ಲೆಂಡಿಗೆ ಹೋಗಿ ಎಂದು ಬ್ರಿಟಾನಿಯಾ ಕರೆ ಕೊಟ್ಟಾಗ ಮನೆಮನೆಯ ಮಕ್ಕಳು ಪೊಟ್ಟಣ ಜೋಪಾನ ಮಾಡಿದ್ದು ಹಲವರಿಗೆ ನೆನಪಿರಬಹುದು. 2008ರಲ್ಲಿ ಐಪಿಎಲ್ ಬಂದ ಮೇಲೆ ಆಟಗಾರರನ್ನು ಭೇಟಿಯಾಗುವ ಅವಕಾಶ ಪ್ರಾಯೋಜಕರ ಅತಿಥಿಗಳಿಗೆ, ಸ್ಪರ್ಧೆ ಗೆದ್ದ ಗ್ರಾಹಕರಿಗೆ, ದುಬಾರಿ ಬಾಕ್ಸಿನ ಟಿಕೆಟ್ ಕೊಂಡವರಿಗೆ ಸಿಗುವ ಸರಕಾಯಿತು. ಭೇಟಿ ಅಸಾಧ್ಯವಲ್ಲ, ಅಪಾಯಕಾರಿಯೂ ಅಲ್ಲ ಎಂದು ಇದರಿಂದಲೇ ಸಾಬೀತಾಗುತ್ತದೆ. ಪರಿಶೀಲಿಸಿದ ಜನರನ್ನು, ಗೊತ್ತಾದ ಸಮಯದಲ್ಲಿ, ಗೊತ್ತಾದ ಕೋಣೆಯಲ್ಲಿ ಆಟಗಾರರ ಎದುರು ನಿಲ್ಲಿಸುವ ವಿದ್ಯೆ ತಂಡಗಳಿಗೆ ಚೆನ್ನಾಗಿ ಗೊತ್ತಿದೆ. ಹಣವಿಲ್ಲದವರಿಗಾಗಿ ಆ ವಿದ್ಯೆಯನ್ನು ಬಳಸುವುದು ತೀರಾ ಅಪರೂಪ ಎಂಬುದೇ ನನ್ನ ದೂರು.

ಈ ನಡುವೆ ಅಭಿಮಾನಿ ಬೇಡುವ ವಸ್ತುವೂ ಬದಲಾಯಿತು. ಹಸ್ತಾಕ್ಷರವನ್ನು ದೂರದಿಂದಲೂ ಪಡೆಯಬಹುದು. ಪುಸ್ತಕವನ್ನು ಜಾಲರಿಯ ಸಂದಿಯಿಂದ ದಾಟಿಸಬಹುದು, ಹನ್ನೆರಡನೇ ಆಟಗಾರನ ಕೈಗೆ ಕೊಟ್ಟು ಕಳಿಸಬಹುದು, ಅಂಚೆಯಲ್ಲಿ ತರಿಸಿಕೊಳ್ಳಬಹುದು. ಸೆಲ್ಫಿಗೆ ದೇಹದ ಪಕ್ಕ ದೇಹ ನಿಲ್ಲಲೇಬೇಕು. ಅಂದರೆ ಆಟಗಾರ ಹಿಂದೆಂದಿಗಿಂತ ದೂರ ಹೋದ ಹೊತ್ತಿನಲ್ಲೇ ಅಭಿಮಾನಿಯ ಬೇಡಿಕೆ ಹಿಂದೆಂದಿಗಿಂತ ಹತ್ತಿರದ್ದಾಯಿತು. ಜೊತೆಗೆ ಫೋನಿನ ಪರದೆಯಲ್ಲಿ ಕೊಹ್ಲಿ ದಿನವಿಡೀ ಅಂಗೈಯಲ್ಲೇ ಇದ್ದಾರೆ: ಅವರ ವ್ಯಾಯಾಮ, ಊಟ, ನಗು ಎಲ್ಲವೂ ಪರಿಚಿತ. ಈ ಸೆಳೆತ ಎಲ್ಲಿಗೆ ಹೋಗಿ ಮುಟ್ಟಬಲ್ಲದು ಎಂಬುದಕ್ಕೆ 2022ರ ಅಕ್ಟೋಬರ್ ಸಾಕ್ಷಿ. ಪರ್ತ್‌ನಲ್ಲಿ ಕೊಹ್ಲಿ ತಂಗಿದ್ದ ಕೋಣೆಗೆ ಅವರಿಲ್ಲದಾಗ ಯಾರೋ ಹೊಕ್ಕು, ಬಟ್ಟೆಬರೆ, ಚಪ್ಪಲಿಗಳನ್ನೆಲ್ಲ ವಿಡಿಯೊ ಮಾಡಿ ಹರಿಯಬಿಟ್ಟರು. ಕೊಹ್ಲಿ ಅದನ್ನು ಬಹಿರಂಗವಾಗಿ ಖಂಡಿಸಿದರು. ಅದರಲ್ಲಿ ಎರಡು ಮಾತಿಲ್ಲ. ಆಟಗಾರನ ಮಲಗುವ ಕೋಣೆ, ಊಟದ ಮೇಜು, ಹೆಂಡತಿ ಮಕ್ಕಳು ಅಭಿಮಾನಿಯ ಸ್ವತ್ತಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಆಟಗಾರನ ಕರ್ತವ್ಯ ಮೈದಾನದಲ್ಲಿ ಮುಗಿಯುತ್ತದೆ, ಟಿಕೆಟ್ ಕೊಂಡವನಿಗೆ ಆಟ ಸಿಕ್ಕಿತು, ಭೇಟಿಯ ಹಕ್ಕು ಎಲ್ಲಿಂದ ಬಂತು ಎಂದು ಕೇಳಬಹುದು. ಹಕ್ಕು ಇಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಭೇಟಿಯಿಂದ ಲಾಭ ಅಭಿಮಾನಿಗೆ ಮಾತ್ರ ಎಂದುಕೊಳ್ಳುವುದು ತಪ್ಪು. ಸಚಿನ್ ಒಮ್ಮೆ ಚೆನ್ನೈನಲ್ಲಿ ತಂಗಿದ್ದಾಗ ಹೋಟೆಲಿನ ನೌಕರನೊಬ್ಬ, ನಿಮ್ಮ ಮೊಣಕೈ ರಕ್ಷೆಯಿಂದಾಗಿ ಬ್ಯಾಟ್ ಬೀಸುವ ರೀತಿ ಬದಲಾಗುತ್ತಿದೆ ಎಂದು ಹೇಳಿದ. ಅದು ನಿಜವೆಂದು ಸಚಿನ್ ಬಲ್ಲವರಾಗಿದ್ದರು. ಬೇರೆ ಯಾರೂ ಗಮನಿಸಿರಲಿಲ್ಲ. ಅವರು ಆ ರಕ್ಷೆಯನ್ನು ಹೊಸದಾಗಿ ಮಾಡಿಸಿಕೊಂಡರು. 2019ರಲ್ಲಿ ಆ ಮನುಷ್ಯ ಎಲ್ಲಿದ್ದಾನೆ ಹುಡುಕಿಕೊಡಿ ಎಂದು ತಾವೇ ಜನರನ್ನು ಕೇಳಿದರು. ಬಿಹಾರದ ಮುಜಫ್ಫರ್‌ಪುರದ ಸುಧೀರ್ ಕುಮಾರ್ ಚೌಧರಿ 2003ರಲ್ಲಿ ಸೈಕಲ್ ತುಳಿದುಕೊಂಡು ಮುಂಬೈಗೆ ಹೋಗಿ ಸಚಿನ್ ಅವರನ್ನು ಕಂಡವರು. ಮೊದಮೊದಲು ಅವರೂ ಮೈದಾನಕ್ಕೆ ನುಗ್ಗಿ ಕಾಲು ಮುಟ್ಟಿದ್ದುಂಟು. ಸಚಿನ್ ಈ ಸುಧೀರ್ ಅವರಿಗೆ ಪಂದ್ಯದ ಟಿಕೆಟ್ ಕೊಡಿಸತೊಡಗಿದರು. ಆಮೇಲೆ ಸುಧೀರ್ ಮೈತುಂಬ ತ್ರಿವರ್ಣ ಬಳಿದುಕೊಂಡು, ಶಂಖ ಊದುತ್ತ, ಗ್ಯಾಲರಿಯಲ್ಲಿ ನಿಂತು ಬಾವುಟ ಬೀಸುವವರಾದರು. 2011ರಲ್ಲಿ ವಿಶ್ವಕಪ್ ಗೆದ್ದ ರಾತ್ರಿ ಸಚಿನ್ ಸುಧೀರ್ ಅವರನ್ನು ಡ್ರೆಸ್ಸಿಂಗ್ ರೂಮಿಗೆ ಕರೆಸಿ ಕಪ್ ಕೈಗಿತ್ತರು. ಒಂದು ಬಾಗಿಲು ತೆರೆದುಕೊಂಡದ್ದರಿಂದ ಬೇಲಿ ಹಾರುವವನು ಬೇಲಿಯ ಹೊರಗೆ ನಿಲ್ಲುವವನಾದ ಬಗೆ ಇದು. ಒಂದೇ ಉದಾಹರಣೆಯಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೂ ಬೈದು, ಹಿಡಿದು, ದಂಡ ಹಾಕಿ ಯಾರನ್ನೂ ಹೀಗೆ ತಿದ್ದಿದ್ದನ್ನು ನಾವು ಕಂಡಿಲ್ಲ.

2025ರ ಜೂನ್ 4ರ ಬಗ್ಗೆ ಬರೆಯುವಾಗ ಕೈ ಭಾರವಾಗುತ್ತದೆ. ಹದಿನೆಂಟನೇ ಋತುವಿನವರೆಗೆ ಕಾದು ಬೆಂಗಳೂರಿನ ತಂಡ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದ ಮರುದಿನ, ಚಿನ್ನಸ್ವಾಮಿಯ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಹೆಚ್ಚಿನವರು ಹರೆಯದವರು. ಅಭಿಮಾನವೇ ಕೊಂದಿತು ಎಂದು ಆಗ ಹೇಳಿದವರು ಬಹಳ ಮಂದಿ. ಆ ದಿನದ ಕ್ರಮವನ್ನು ನೋಡಿ. ಮೆರವಣಿಗೆ ಇದೆ, ಇಲ್ಲ, ಇದೆ ಎಂಬ ಒಂದಕ್ಕೊಂದು ತಾಳೆಯಾಗದ ಸುದ್ದಿಗಳು, ಉಚಿತ ಪಾಸಿನ ಗೊಂದಲ, ಮೂವತ್ತೈದು ಸಾವಿರದ ಆಸುಪಾಸು ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ. ಬಂದವರಿಗೆ ಗೊತ್ತಿದ್ದದ್ದು ಒಂದೇ: ದುಡ್ಡಿಲ್ಲದೆ ಕೊಹ್ಲಿಯನ್ನು ನೋಡಲು ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ವರ್ಷವಿಡೀ ಮುಚ್ಚಿರುವ ಅಣೆಕಟ್ಟಿನ ಒಂದೇ ತೂಬನ್ನು ಒಂದು ಸಂಜೆ ಎತ್ತಿದಂತಾಯಿತು. ಮುನ್ನಾದಿನ ಗೆದ್ದು, ಮರುದಿನ ಪೊಲೀಸರಿಗೆ ತಯಾರಿಗೆ ಸಮಯವನ್ನೂ ಕೊಡದೆ ಜನರನ್ನು ಕರೆದವರ ಹೊಣೆಯನ್ನು ಸತ್ತ ಮಕ್ಕಳ ತಲೆಗೆ ಕಟ್ಟುವುದು ಅನ್ಯಾಯ.

ಕೋಟ್ಯಂತರ ಅಭಿಮಾನಿಗಳು, ಹತ್ತು ಹನ್ನೆರಡು ತಾರೆಯರು, ಈ ಲೆಕ್ಕ ಎಂದೂ ಹೊಂದುವುದಿಲ್ಲ ಎಂಬುದು ಕೊನೆಯ ಆಕ್ಷೇಪ. ಎಲ್ಲರಿಗೂ ಕೈಕುಲುಕಲು ಆಗದು, ಸರಿ. ಆದರೆ ಹೆಚ್ಚಿನವರು ಕೇಳುತ್ತಿರುವುದು ಅಷ್ಟನ್ನಲ್ಲ, ಹತ್ತಿರದಿಂದ ನೋಡುವುದನ್ನು. ಹೆಡಿಂಗ್ಲೆಯ ಗಲಾಟೆ ಕಂಡ ಇಂಗ್ಲೆಂಡಿನಲ್ಲೇ ಕೌಂಟಿ ಪಂದ್ಯಗಳ ಊಟದ ವಿರಾಮದಲ್ಲಿ ಇಂದಿಗೂ ಹಲವು ಮೈದಾನಗಳಲ್ಲಿ ಜನರನ್ನು ಹುಲ್ಲಿನ ಮೇಲೆ ಬಿಡುತ್ತಾರೆ, ಮಕ್ಕಳು ಅಲ್ಲೇ ಚೆಂಡಾಡುತ್ತಾರೆ. ನಮ್ಮಲ್ಲೂ ದೇಶಿ ಪಂದ್ಯ ಆಡಲೇಬೇಕೆಂದು ಮಂಡಳಿ 2025ರ ಜನವರಿಯಲ್ಲಿ ತಾರಾ ಆಟಗಾರರಿಗೆ ಕಟ್ಟುನಿಟ್ಟು ಮಾಡಿತು. ಕೆ.ಎಲ್. ರಾಹುಲ್ ಹರಿಯಾಣದ ವಿರುದ್ಧ ಕರ್ನಾಟಕದ ಪರವಾಗಿ ಬೆಂಗಳೂರಿನಲ್ಲಿ ರಣಜಿ ಆಡಿದರು. ಹುಬ್ಬಳ್ಳಿ, ಶಿವಮೊಗ್ಗ, ಮೈಸೂರುಗಳಲ್ಲಿ ಒಳ್ಳೆಯ ಮೈದಾನಗಳಿವೆ. ಅಲ್ಲಿನ ನೆಟ್ಸ್ ಅಭ್ಯಾಸಕ್ಕೆ ಸುತ್ತಲಿನ ಶಾಲೆಗಳ ಮಕ್ಕಳನ್ನು ಸರದಿಯಂತೆ ಕರೆದು, ಆಟ ಮುಗಿದ ಮೇಲೆ ಹಗ್ಗದ ಪಕ್ಕ ಕಾಲು ಗಂಟೆ ಹಸ್ತಾಕ್ಷರಕ್ಕೆ ಇಟ್ಟರೆ ಭದ್ರತೆಗೂ ಭ್ರಷ್ಟಾಚಾರ ತಡೆಗೂ ಧಕ್ಕೆಯಾಗದು. 2025ರ ಡಿಸೆಂಬರ್ 24ರಂದು ವಿಜಯ್ ಹಜಾರೆ ಟ್ರೋಫಿಯಲ್ಲಿ ರೋಹಿತ್ ಶರ್ಮ ಜೈಪುರದಲ್ಲಿ ಸಿಕ್ಕಿಂ ವಿರುದ್ಧ 155 ಹೊಡೆದಾಗ ಸಾವಿರಾರು ಜನ ಟಿಕೆಟ್ಟಿಲ್ಲದೆ ಒಳಗೆ ಕುಳಿತು ನೋಡಿದರು. ಅದೇ ದಿನ ಕೊಹ್ಲಿ ಬೆಂಗಳೂರಿನಲ್ಲಿ ದೆಹಲಿಯ ಪರವಾಗಿ 131 ಹೊಡೆದರು. ಅದನ್ನು ನೋಡಲು ಪ್ರೇಕ್ಷಕರನ್ನು ಬಿಟ್ಟಿರಲಿಲ್ಲ. ಜೂನ್‌ನ ಸಾವುಗಳ ನೆನಪಿದ್ದ ಊರಿನಲ್ಲಿ ಆ ಎಚ್ಚರಿಕೆ ಅರ್ಥವಾಗುವಂಥದ್ದೇ. ಆದರೆ ಗೇಟಿನ ಅಗಲ, ಒಳಬಿಡುವ ಸಮಯ, ಮೊದಲೇ ಹಂಚಿದ ಉಚಿತ ಚೀಟಿ, ಒಂದೊಂದು ಗ್ಯಾಲರಿಗೆ ಒಂದೊಂದು ದಾರಿ, ಇವುಗಳನ್ನು ಸರಿಪಡಿಸಿಕೊಂಡು ಮುಂದಿನ ದೇಶಿ ಋತುವಿನ ಮೊದಲ ಪಂದ್ಯಕ್ಕೇ ಜನರನ್ನು ಕರೆಯುವ ಕೆಲಸವನ್ನು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯೂ ಸರ್ಕಾರವೂ ಸೇರಿ ಕೈಗೆತ್ತಿಕೊಳ್ಳಬೇಕು.