ಪರದೇಶದ ಪಂದ್ಯಗಳೂ ನಮ್ಮ ತಾಳ್ಮೆಯೂ

ನಮ್ಮ ರಾಷ್ಟ್ರತಂಡವು ಪರದೇಶಕ್ಕೆ ಹೊರಡಲಿರುವದೆಂಬ ವಾರ್ತೆ ಬಂದೊಡನೆ ಕಾಳೀತೀರದ ಈ ಮೌಳಂಗಿಯಲ್ಲಿಯೂ ಜಯಾಪಜಯಗಳ ಚರ್ಚೆಗೆ ಆರಂಭವಾಗುವದು. ದಾಂಡಿಗರ ಶತಕಗಳನ್ನೆಣಿಸುವವರೇ ಬಹಳ. ನಮ್ಮ ಎಣಿಕೆಯು ಬೇರೆ. ಎದುರಾಳಿಗಳ ಇಪ್ಪತ್ತು ವಿಕೆಟ್ಟುಗಳನ್ನು ಕೀಳುವ ಎಸೆಗಾರರಿಲ್ಲದೆ ಟೆಸ್ಟ್ ಪಂದ್ಯದಲ್ಲಿ ಗೆಲವು ದುರ್ಲಭವು.

1932ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟನ್ನಾಡಿದ ನಮ್ಮವರಿಗೆ ಪರನೆಲದ ಪ್ರಥಮ ಜಯವು ದೊರೆತುದು 1968ರಲ್ಲಿ, ನ್ಯೂಜಿಲಂಡಿನ ಡ್ಯುನೆಡಿನ್ನಿನಲ್ಲಿ. ಆ ಸರಣಿಯಲ್ಲಿ ಕನ್ನಡನಾಡಿನ ಪ್ರಸನ್ನರು 24 ವಿಕೆಟ್ಟುಗಳನ್ನು ಪಡೆದರು. 1971ರಲ್ಲಿ ಮೈಸೂರಿನ ಚಂದ್ರಶೇಖರರು, ಬಾಲ್ಯದ ಪೋಲಿಯೋದಿಂದ ಕೃಶವಾದ ಬಲಗೈಯಿಂದಲೇ 38 ಓಟಗಳಿಗೆ 6 ವಿಕೆಟ್ಟು ಕಿತ್ತು, ಓವಲ್ ಮೈದಾನದಲ್ಲಿ ಇಂಗ್ಲಂಡನ್ನು 101ಕ್ಕೆ ಅಡಗಿಸಿದರು. 2025ರಲ್ಲಿ ಅದೇ ಮೈದಾನದಲ್ಲಿ ಬೆಂಗಳೂರಿನ ಪ್ರಸಿದ್ಧ ಕೃಷ್ಣರು ಎರಡು ಇನ್ನಿಂಗ್ಸುಗಳಲ್ಲಿಯೂ ನಾಲ್ಕು ನಾಲ್ಕು ವಿಕೆಟ್ಟು ಪಡೆದರು. ನಮ್ಮವರು 6 ಓಟಗಳಿಂದ ಗೆದ್ದರು.

ಒಂದು ಸೋಲಿನಿಂದ ಎದೆಗೆಡುವದೂ ಸಲ್ಲದು. 2020ರ ಡಿಸೆಂಬರ 19ರಂದು ಅಡಿಲೇಡಿನಲ್ಲಿ 36 ಓಟಗಳಿಗೆ ನಮ್ಮ ತಂಡದ ಆಟ ಮುಗಿಯಿತು. ಸರಿಯಾಗಿ ಒಂದು ತಿಂಗಳಿಗೆ ಅದೇ ತಂಡವು ಬ್ರಿಸ್ಬೇನಿನಲ್ಲಿ 328ರ ಗುರಿಯನ್ನು ಮುಟ್ಟಿ ಸರಣಿಯನ್ನೇ ಗೆದ್ದಿತು. ಅಪರಿಚಿತವಾದ ನೆಲ, ಗಾಳಿ, ಚೆಂಡಿನ ನಡೆ ಇವುಗಳನ್ನರಿಯಲು ಕಾಲವು ಬೇಕು. ಮೊದಲ ಟೆಸ್ಟಿಗೆ ಮುನ್ನ ಅಭ್ಯಾಸಪಂದ್ಯಗಳೂ ಬೇಕು.

ಮನೆಯ ಹುಡುಗರು ಮೊದಲ ಸೋಲಿಗೇ ಆಟಗಾರರನ್ನು ಜರೆಯತೊಡಗಿದರೆ ಹಿರಿಯರು ಅವರಿಗೆ ಈ ಒಂದು ತಿಂಗಳ ಕಥೆಯನ್ನು ಹೇಳತಕ್ಕದ್ದು. ಸೋತಾಗ ತಾಳದವನಿಗೆ ಗೆದ್ದಾಗ ಹಿಗ್ಗುವ ಅಧಿಕಾರವೆಲ್ಲಿಯದು?