ಗಿರಣಿಯ ಅಂಗಳದ ನಾಯಕಿ

ಮುಂಬೈಯ ಮಾಟುಂಗವನ್ನು ರೈಲ್ವೆಯಿಂದ ಬೇರ್ಪಡಿಸಿ ನೋಡುವುದು ಕಷ್ಟ. ಬೋಗಿಗಳನ್ನು ದುರಸ್ತಿ ಮಾಡುವ ಮಧ್ಯ ರೈಲ್ವೆಯ ಹಳೆಯ ಕಾರ್ಯಾಗಾರ ಇಲ್ಲಿದೆ, 2017ರಲ್ಲಿ ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೆ ಒಪ್ಪಿಸಲಾದ ನಿಲ್ದಾಣವೂ ಇಲ್ಲಿಯದೇ. ಭಾರತದ ಮಹಿಳಾ ವಾಲಿಬಾಲ್‌ಗೂ ರೈಲ್ವೆಯೇ ದೊಡ್ಡ ಆಸರೆ. ಕ್ರೀಡಾ ಕೋಟಾ, ಅಂದರೆ ಆಟದ ಸಾಧನೆಯನ್ನೇ ಅರ್ಹತೆಯಾಗಿ ಪರಿಗಣಿಸಿ ನೌಕರಿ ಕೊಡುವ ವ್ಯವಸ್ಥೆಯ ಮೂಲಕ ಸೇರಿದ ಆಟಗಾರ್ತಿಯರು ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ತವರು ರಾಜ್ಯದ ಬದಲು ರೈಲ್ವೆಯ ಪರವಾಗಿ ಆಡುತ್ತಾರೆ, ಮತ್ತು ರೈಲ್ವೆ–ಕೇರಳ ಫೈನಲ್ ಈ ಆಟವನ್ನು ಬಲ್ಲವರಿಗೆ ಚಿರಪರಿಚಿತ. ವಾಲಿಬಾಲ್‌ಗಾಗಿ ಅರ್ಜುನ ಪ್ರಶಸ್ತಿ ಪಡೆದ ಜಿ. ಮಾಲಿನಿ ರೆಡ್ಡಿ (1973), ಕೆ. ಸಿ. ಏಲಮ್ಮ (1975) ಮತ್ತು ಸ್ಯಾಲಿ ಜೋಸೆಫ್ (1984) ಅವರ ಹೆಸರುಗಳು ಪುರುಷರ ಉದ್ದನೆಯ ಪಟ್ಟಿಯ ನಡುವೆ ಹುಡುಕಿದರೆ ಮಾತ್ರ ಸಿಗುವಂಥವು. ಆದ್ದರಿಂದ ಮಹಿಳೆಯೊಬ್ಬಳ ವಾಲಿಬಾಲ್ ಬದುಕು ಯಾವುದರ ಮೇಲೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಸಂಬಳ ಕೊಡುವ ಸಂಸ್ಥೆಯನ್ನು ಬಿಟ್ಟು ಉತ್ತರ ಹೇಳಲಾಗದು. ಉದ್ಯೋಗವೂ ತಂಡವೂ ಒಂದೇ ಆಗಿದ್ದ ಬದುಕಿನ ಅತ್ಯಂತ ಪೂರ್ಣ ನಿದರ್ಶನ ಜಪಾನಿನ ಹತ್ತಿ ಗಿರಣಿಯೊಂದರದು. ಆ ನಿದರ್ಶನದ ಹೆಸರು ಮಸಾಎ ಕಸಾಯ್.

ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಹೋಲಿಯೋಕ್ ಪಟ್ಟಣದ ವೈಎಂಸಿಎ ಸಂಸ್ಥೆಯಲ್ಲಿ. ವಿಲಿಯಂ ಮಾರ್ಗನ್ ರೂಪಿಸಿದ ಈ ಆಟ ಏಷ್ಯಾಕ್ಕೆ ಬಂದ ಮೇಲೆ ಇಲ್ಲಿ ಬಹುಕಾಲ ಒಂಬತ್ತು ಮಂದಿಯ ಆಟವಾಗಿಯೇ ಬೆಳೆಯಿತು. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ಅಂಕಣದಲ್ಲಿ ಪ್ರತಿ ಬದಿಗೆ ಆರು ಮಂದಿ ನಿಲ್ಲುತ್ತಾರೆ. ಮಹಿಳೆಯರ ಬಲೆಯ ಎತ್ತರ 2.24 ಮೀಟರ್, ಚೆಂಡನ್ನು ಮೂರು ಸ್ಪರ್ಶಗಳೊಳಗೆ ಎದುರು ಬದಿಗೆ ದಾಟಿಸಬೇಕು. ಮಸಾಎ ಆಡುತ್ತಿದ್ದ ಕಾಲದ ಪದ್ಧತಿಯಲ್ಲಿ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಅಂಕ ದೊರೆಯುತ್ತಿತ್ತು, ಸೆಟ್ ಹದಿನೈದು ಅಂಕಗಳಿಗೆ ಮುಗಿಯುತ್ತಿತ್ತು. ಚೆಂಡು ಹತ್ತಾರು ಸಲ ಕೈ ಬದಲಾಯಿಸಿದರೂ ಅಂಕಪಟ್ಟಿ ಅಲುಗದೆ ಇರುತ್ತಿದ್ದ ಆ ಆಟದಲ್ಲಿ ಚೆಂಡನ್ನು ನೆಲಕ್ಕೆ ಬಿಡದಿರುವ ತಾಳ್ಮೆಯೇ ದೊಡ್ಡ ಅಸ್ತ್ರವಾಗಿತ್ತು. ಕರ್ನಾಟಕದ ಶಾಲೆಗಳಲ್ಲಿ ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್ ಎಂದು ಹಂಚಿಬಿಡುವ ರೂಢಿ ಇನ್ನೂ ಉಳಿದಿರುವಾಗ, ಆ ತಾಳ್ಮೆಯನ್ನು ಯುದ್ಧಕಲೆಯ ಮಟ್ಟಕ್ಕೆ ಏರಿಸಿದವರು ಹೆಣ್ಣುಮಕ್ಕಳು ಎಂಬುದನ್ನು ಒತ್ತಿ ಹೇಳಬೇಕಾಗಿದೆ.

1933ರಲ್ಲಿ ಯಾಮಾನಾಶಿ ಪ್ರಾಂತದಲ್ಲಿ ಹುಟ್ಟಿದ ಮಸಾಎ ಶಾಲೆ ಮುಗಿಸಿ ನಿಚಿಬೋ ಎಂಬ ನೂಲಿನ ಗಿರಣಿಯ ನೌಕರಿಗೆ ಸೇರಿದರು. ತನ್ನ ಬೇರೆ ಬೇರೆ ಘಟಕಗಳ ಆಟಗಾರ್ತಿಯರನ್ನು ಒಸಾಕಾ ಬಳಿಯ ಕೈಜುಕಾ ಗಿರಣಿಯಲ್ಲಿ ಒಟ್ಟುಗೂಡಿಸಿದ ಕಂಪನಿ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗವನ್ನು ಕಂಡು ಬದುಕಿ ಬಂದಿದ್ದ ಹಿರೋಬುಮಿ ದೈಮತ್ಸು ಅವರನ್ನು ತರಬೇತುದಾರರನ್ನಾಗಿ ನೇಮಿಸಿತು. ಹಗಲು ಕಚೇರಿಯ ಕೆಲಸ, ಸಂಜೆಯಿಂದ ನಡುರಾತ್ರಿಯವರೆಗೆ, ಕೆಲವೊಮ್ಮೆ ಅದನ್ನೂ ಮೀರಿ ಅಭ್ಯಾಸ. ವಾಸ ಗಿರಣಿಯ ವಸತಿಗೃಹದಲ್ಲಿ. ದೂರಕ್ಕೆ ಬಿದ್ದ ಚೆಂಡಿಗೆ ಮೈಚಾಚಿ ಹಾರಿ, ಅದನ್ನು ಎತ್ತಿದ ಕ್ಷಣದಲ್ಲೇ ಭುಜದ ಮೇಲೆ ಉರುಳಿ, ಮುಂದಿನ ಚೆಂಡಿಗೆ ಮತ್ತೆ ಕಾಲಮೇಲೆ ನಿಲ್ಲುವ ‘ಉರುಳು ರಿಸೀವ್’ ಇಲ್ಲಿ ರೂಪುಗೊಂಡಿತು. ಎತ್ತರದಲ್ಲೂ ಸ್ಮ್ಯಾಶ್‌ನ ಬಲದಲ್ಲೂ ಮುಂದಿದ್ದ ಸೋವಿಯತ್ ಆಟಗಾರ್ತಿಯರ ಎದುರು, ಅವರ ಹೊಡೆತ ನೆಲ ಮುಟ್ಟದಂತೆ ನೋಡಿಕೊಳ್ಳುವುದೇ ಇದರ ಲೆಕ್ಕಾಚಾರ. ಗಾಯಗೊಳ್ಳದೆ ಬೀಳುವುದನ್ನು ಕಲಿಯಲು ಮೈ ಎಷ್ಟು ಸಾವಿರ ಸಲ ನೆಲಕ್ಕೆ ಬಿದ್ದಿರಬೇಕು ಎಂಬುದನ್ನು ಊಹಿಸಿದರೆ, ಅದರ ಹಿಂದಿನ ದುಡಿಮೆಯ ಅಳತೆ ಸಿಗುತ್ತದೆ.

ಮಸಾಎ ನಾಯಕಿಯಾಗಿದ್ದ ತಂಡ 1960ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೋವಿಯತ್ ಒಕ್ಕೂಟದ ಹಿಂದೆ ಎರಡನೆಯ ಸ್ಥಾನ ಪಡೆಯಿತು. ಮರುವರ್ಷದ ಯುರೋಪ್ ಪ್ರವಾಸದಲ್ಲಿ ಆಡಿದ ಎಲ್ಲ ಪಂದ್ಯಗಳನ್ನೂ ಗೆದ್ದು ‘ಪೂರ್ವದೇಶದ ಮಾಟಗಾತಿಯರು’ ಎಂಬ ಹೆಸರು ಗಳಿಸಿತು. 1962ರಲ್ಲಿ ಸೋವಿಯತ್ ತಂಡವನ್ನು ಮಾಸ್ಕೋದಲ್ಲಿಯೇ ಸೋಲಿಸಿ ವಿಶ್ವ ಚಾಂಪಿಯನ್ ಆಯಿತು. ಗಿರಣಿ ತಂಡದ ಸತತ ಗೆಲುವುಗಳ ಎಣಿಕೆ ಮುಂದೆ 258ಕ್ಕೆ ಮುಟ್ಟಿತು. ಮಾಸ್ಕೋದ ಗೆಲುವಿನೊಂದಿಗೆ ಆಟ ನಿಲ್ಲಿಸುವ ಮನಸ್ಸು ಹಲವರಿಗಿತ್ತು, ಮದುವೆಯ ವಯಸ್ಸು ದಾಟುತ್ತಿದೆ ಎಂಬ ಮಾತು ಆ ಸಮಾಜದಲ್ಲೂ ನಮ್ಮಲ್ಲಿರುವಷ್ಟೇ ಭಾರವಾಗಿತ್ತು. ಆದರೆ ಟೋಕಿಯೋ ಒಲಿಂಪಿಕ್ಸ್‌ಗೆ ವಾಲಿಬಾಲ್ ಸೇರಿದ್ದರಿಂದ ಇಡೀ ದೇಶದ ಒತ್ತಾಸೆ ಅವರನ್ನು ಇನ್ನೂ ಎರಡು ವರ್ಷ ಅಂಕಣದಲ್ಲಿಯೇ ಉಳಿಸಿತು.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ದೊರೆತ ಮೊದಲ ತಂಡ ಕ್ರೀಡೆ ಅದು. ಜಪಾನ್ ತಂಡದ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ನಿಚಿಬೋದವರೇ ಆಗಿದ್ದರು, ಮಸಾಎಗೆ ಆಗ ಮೂವತ್ತೊಂದು ವರ್ಷ. 1964ರ ಅಕ್ಟೋಬರ್ 23ರಂದು ಸೋವಿಯತ್ ಒಕ್ಕೂಟದ ವಿರುದ್ಧದ ನಿರ್ಣಾಯಕ ಪಂದ್ಯವನ್ನು ಜಪಾನ್ 15–11, 15–8, 15–13ರಿಂದ ಗೆದ್ದಿತು. ಮೂರನೆಯ ಸೆಟ್‌ನಲ್ಲಿ ಚಿನ್ನಕ್ಕೆ ಒಂದೇ ಅಂಕ ಬಾಕಿ ಇರುವಾಗ ಎದುರಾಳಿಗಳು ಮತ್ತೆ ಮತ್ತೆ ತಡೆದು ಅಂತರ ತಗ್ಗಿಸುತ್ತ ಬಂದರು. ಕೊನೆಗೆ ಪಂದ್ಯ ಮುಗಿದದ್ದು ಸ್ಮ್ಯಾಶ್‌ನಿಂದಲ್ಲ, ಸೋವಿಯತ್ ಆಟಗಾರ್ತಿಯೊಬ್ಬಳ ಕೈ ಬಲೆಯ ಮೇಲಿಂದ ಎದುರು ಬದಿಗೆ ಚಾಚಿದ ‘ಓವರ್ ನೆಟ್’ ತಪ್ಪಿನಿಂದ. ಜಪಾನಿನಲ್ಲಿ ಆ ಪ್ರಸಾರದ ವೀಕ್ಷಣೆ ಶೇಕಡಾ 66.8ರಷ್ಟಿತ್ತು.

ದೈಮತ್ಸು ಅವರ ತರಬೇತಿಯನ್ನು ಕ್ರೌರ್ಯವೆಂದು ಕರೆದವರು ಆಗಲೇ ಇದ್ದರು, ಮತ್ತು ಆ ಟೀಕೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ನೌಕರಿ, ಊಟ, ನಿದ್ದೆ, ಆಟ ಎಲ್ಲವೂ ಒಬ್ಬನೇ ಯಜಮಾನನ ಕೈಯಲ್ಲಿರುವಾಗ ‘ಒಲ್ಲೆ’ ಎನ್ನಲು ಉಳಿಯುವ ಜಾಗ ಕಿರಿದು. ಆದರೂ ಆಟಗಾರ್ತಿಯರು ತಾವು ಆಡಿದ್ದು ಸ್ವಂತ ಇಚ್ಛೆಯಿಂದ ಎಂದು ಮುಂದೆಯೂ ಹೇಳುತ್ತ ಬಂದರು, ಅವರನ್ನು ಕೇವಲ ಬಲಿಪಶುಗಳೆಂದು ಕಂಡರೆ ಆ ಮಾತನ್ನೂ ಕಸಿದುಕೊಂಡಂತಾಗುತ್ತದೆ.

ಮಾಟುಂಗದಿಂದ ದಕ್ಷಿಣಕ್ಕೆ ಕೂಗಳತೆಯಲ್ಲೆಂಬಂತಿರುವ ಪರೇಲ್, ಲಾಲ್‌ಬಾಗ್‌ಗಳ ಹತ್ತಿ ಗಿರಣಿಗಳಲ್ಲೂ ಒಂದು ಕಾಲಕ್ಕೆ ಸಾವಿರಾರು ಮಹಿಳೆಯರು ನೂಲು ಸುತ್ತುವ ಖಾತೆಗಳಲ್ಲಿ ದುಡಿಯುತ್ತಿದ್ದರು. ವರ್ಷಗಳು ಕಳೆದಂತೆ ಅವರ ಸಂಖ್ಯೆ ಕುಗ್ಗುತ್ತ ಹೋಯಿತು. 1982ರ ಮಹಾಮುಷ್ಕರದ ನಂತರ ಗಿರಣಿಗಳೇ ಒಂದೊಂದಾಗಿ ಮುಚ್ಚಿದವು. ಕೈಜುಕಾದಂಥ ಮಹಿಳಾ ತಂಡ ಆ ಅಂಗಳಗಳಿಂದ ಹೊರಡಲಿಲ್ಲ; ಹುಡುಗಿಯರಲ್ಲಿ ಕಸುವಿಗೆ ಕೊರತೆ ಇದ್ದುದರಿಂದಲ್ಲ, ಅವರನ್ನು ಆಟಗಾರ್ತಿಯರಾಗಿ ಕಾಣುವ ಯಜಮಾನಿಕೆ ಇಲ್ಲದ್ದರಿಂದ. ಆ ಸ್ಥಾನವನ್ನು ತಡವಾಗಿಯಾದರೂ ತುಂಬಿದ್ದು ರೈಲ್ವೆ.

ಚಿನ್ನ ಗೆದ್ದ ಮೇಲೆ ಮಸಾಎ ಆಟದಿಂದ ನಿವೃತ್ತರಾದರು. ನಾಯಕಿಗೆ ವರ ಸಿಕ್ಕಿಲ್ಲವೆಂದು ತಿಳಿದ ಪ್ರಧಾನಿ ಐಸಾಕು ಸಾಟೊ ಅವರೇ ಮುಂದಾಗಿ ಆತ್ಮರಕ್ಷಣಾ ಪಡೆಯ ಅಧಿಕಾರಿಯೊಬ್ಬರ ಪರಿಚಯ ಮಾಡಿಸಿದರು, 1965ರಲ್ಲಿ ಮದುವೆಯಾಯಿತು. ಮುಂದೆ ಅವರು ‘ತಾಯಂದಿರ ವಾಲಿಬಾಲ್’ ಎಂದು ಜಪಾನಿನಲ್ಲಿ ಹೆಸರಾದ, ಪದಕವನ್ನೂ ಸಂಬಳವನ್ನೂ ಬಯಸದ ಗೃಹಿಣಿಯರ ಆಟವನ್ನು ಹರಡುವುದರಲ್ಲಿ ತೊಡಗಿಕೊಂಡು, 2013ರಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.